ಮಣ್ಣಿನಾಗ ಕಾರು ತಿದ್ದಿದ ಹಾರ್ಲಿ ಅರ್ಲ್

ಕಳೆದ ರಜೆಯಲ್ಲಿ ನಾವು ಐದು ಜನ ಗೆಳೆಯರು ಇಳಕಲ್‌ನ ಒಂದು ತಗಡಿನ ಶೆಡ್ಡಿನೊಳಗ ಹಳೇ ಅಂಬಾಸಿಡರ್ ಎಸ್ಟೇಟ್ ಗಾಡಿಯ ಸುತ್ತ ನಿಂತಿದ್ವಿ. ಒಬ್ಬ ಗೆಳೆಯನ ಅಜ್ಜ ಕೊಂಡಿದ್ದ ಗಾಡಿ ಅದು. ಎಸ್ಟೇಟ್ ಅಂದ್ರ ಸ್ಟೇಷನ್ ವ್ಯಾಗನ್. ಹಿಂದೆ ಬೇರೆ ಡಿಕ್ಕಿ ಇರೋದಿಲ್ಲ, ಛಾವಣಿ ಕೊನೆತನಕ ಹೋಗಿ ನಿಲ್ತದ, ಹಿಂಬಾಗಿಲು ತೆಗೆದರೆ ಸೀದಾ ಸೀಟಿನ ಬೆನ್ನಿನವರೆಗೂ ಸಾಮಾನು ಹೇರಬಹುದು. ಛಾವಣಿಯನ್ನು ನಾಲ್ಕು ಇಂಚು ಇಳಿಸಿ, ಹಿಂಭಾಗವನ್ನು ಓರೆ ಮಾಡಿ, ಗಾಡಿಗೆ ಹೊಸ ರೂಪ ಕೊಡೋದು ನಮ್ಮ ಪ್ಲ್ಯಾನು. ಒಬ್ಬನ ಕೈಯೊಳಗ ಗ್ರೈಂಡರ್ ಇತ್ತು, ಇನ್ನೊಬ್ಬನ ಕೈಯೊಳಗ ಮೊಬೈಲು. ಕಾಗದದ ಮ್ಯಾಲ ಒಂದು ಗೆರೆಯನ್ನೂ ಯಾರೂ ಎಳೆದಿರಲಿಲ್ಲ.

ಪಕ್ಕದ ಟಿಂಕರಿಂಗ್ ಅಂಗಡಿಯ ಕಾಕಾ ಬಂದು ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ಛಾವಣಿ ಇಳಿಸಿದ ಮೇಲೆ ಮಳೆ ನೀರು ಯಾವ ಕಡೆ ಹರೀಬೇಕು? ನಾಲ್ಕನೇ ವರ್ಷದ ಮೆಕ್ಯಾನಿಕಲ್ ಹುಡುಗರು ಐದು ಮಂದಿ ಇದ್ದರೂ ಉತ್ತರ ಯಾರ ಹತ್ರಾನೂ ಇರಲಿಲ್ಲ. ಗ್ರೈಂಡರ್ ಪ್ಲಗ್ ಕಿತ್ತಿಟ್ವಿ.

ಆ ವಾರ ನಾನು ಓದಿದ್ದು ಹಾರ್ಲಿ ಅರ್ಲ್ ಎಂಬುವವನ ಜೀವನ. ಕಾರಿನ ರೂಪವನ್ನು ಮೊದಲು ಮಣ್ಣಿನಲ್ಲಿ ಮಾಡಿ ನೋಡಬೇಕು ಅನ್ನೋ ಪದ್ಧತಿಯನ್ನು ದೊಡ್ಡ ಕಾರ್ಖಾನೆಯೊಳಗೆ ತಂದವನು ಅವನು. ಕಾರಿನ ಹಿಂದೆ ಮೀನಿನ ರೆಕ್ಕೆಯಂಥ ಫಿನ್ ಬಂದದ್ದು, ಕಾರ್ವೆಟ್ ಬಂದದ್ದು, ಮಾರೋದಕ್ಕಲ್ಲದೆ ತೋರಿಸೋದಕ್ಕೇ ಕಾರು ಮಾಡುವ ರೂಢಿ ಬೆಳೆದದ್ದು ಇವನ ಕಾಲದಲ್ಲಿ. ನಾವು ಶೆಡ್ಡಿನೊಳಗ ಮಾಡಹೊರಟಿದ್ದ ಕೆಲಸವನ್ನೇ, ಅಂದರೆ ಒಂದು ವ್ಯಾಗನ್ನಿಗೆ ಇನ್ನೊಂದು ಛಾವಣಿ ಕೂಡಿಸುವ ಕೆಲಸವನ್ನೇ, ಅವನ ತಂಡವೂ ಮಾಡಿತ್ತು. ಅಲ್ಲಿಯೂ ನೀರು ಒಳಗೆ ಬಂತು! ಅದಕ್ಕಾಗಿ ಅವನ ಕಥೆ ನಿಮಗೂ ಹೇಳಬೇಕು ಅನ್ನಿಸಿತು.

ಸಾರೋಟಿನ ಅಂಗಡಿಯ ಹುಡುಗ

ಹಾರ್ಲಿ ಅರ್ಲ್ ಹುಟ್ಟಿದ್ದು 1893ರ ನವೆಂಬರ್ 22ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಜೆ. ಡಬ್ಲ್ಯು. ಅರ್ಲ್ 1889ರಲ್ಲಿ ಅಲ್ಲಿ ಕುದುರೆ ಸಾರೋಟು ಕಟ್ಟುವ ಕಾರ್ಖಾನೆ ತೆರೆದಿದ್ದ. 1908ರ ಹೊತ್ತಿಗೆ ಊರೊಳಗ ಕುದುರೆ ಕಡಿಮೆಯಾಗಿ ಮೋಟಾರು ಹೆಚ್ಚಾದಾಗ ಅದೇ ಅಂಗಡಿ ಅರ್ಲ್ ಆಟೊಮೊಬೈಲ್ ವರ್ಕ್ಸ್ ಆಯಿತು. ಆಗಿನ ಕಾರುಗಳು ಎಷ್ಟೋ ಸಲ ಮುಂದಿನ ಗಾಜೂ ಇಲ್ಲದೆ, ಮೇಲೆ ಹೊದಿಕೆಯೂ ಇಲ್ಲದೆ ಬರ್ತಿದ್ದವು. ಅವನ್ನೆಲ್ಲ ಮಾಡಿ ಕೂಡಿಸೋದು, ಹಣ ಇದ್ದವರು ಕೇಳಿದರೆ ಪೂರ್ತಿ ಬಾಡಿಯನ್ನೇ ಕಟ್ಟಿಕೊಡೋದು ಆ ಅಂಗಡಿಯ ಕೆಲಸ.

ಇದು ನಮಗೆ ಅಪರಿಚಿತ ಏನಲ್ಲ. ನಮ್ಮಲ್ಲೂ ಬಹಳ ಕಾಲ ಕಂಪನಿಯಿಂದ ಲಾರಿಯ ಚಾಸಿಸ್ ಮಾತ್ರ ಬರ್ತಿತ್ತು. ಚಾಲಕ ಹೆಲ್ಮೆಟ್ ಹಾಕಿಕೊಂಡು ತೆರೆದ ಚಾಸಿಸ್ ಓಡಿಸಿಕೊಂಡು ಹೋಗೋದನ್ನು ಹೆದ್ದಾರಿಯಲ್ಲಿ ನೀವೂ ನೋಡಿರ್ತೀರಿ. ಅದಕ್ಕೆ ಮೈ ಕೊಡೋರು ಬಡಿಗರು, ಟಿಂಕರ್‌ಗಳು, ಪೇಂಟರ್‌ಗಳು. ಬಾಡಿ ಕಟ್ಟೋದು ಅನ್ನೋ ಮಾತೇ ಅಲ್ಲಿಂದ ಬಂದದ್ದು. ಹಾರ್ಲಿ ಬೆಳೆದದ್ದು ಅಂಥ ಅಂಗಳದೊಳಗ.

ಅವನ ಬಾಲ್ಯದ ಒಂದು ಕಥೆಯನ್ನು ಎಲ್ಲರೂ ಹೇಳ್ತಾರೆ. ಮನೆಮಂದಿ ಬೇಸಿಗೆಗೆ ಗುಡ್ಡದ ಸೀಮೆಗೆ ಹೋದಾಗ ಜೋರು ಮಳೆ ಬಂದು ಹಳ್ಳದ ದಂಡೆಯಲ್ಲಿ ಜಿಗಿ ಮಣ್ಣು ಸಿಕ್ಕಿತಂತೆ. ಹುಡುಗ ಆ ಮಣ್ಣಿನಲ್ಲಿ ದಿನಗಟ್ಟಲೆ ಕಾರುಗಳನ್ನು ಮಾಡ್ತಾ ಕೂತನಂತೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಕಾಣೋದಿಲ್ಲ. ಆದರೆ ಅವನು ದೊಡ್ಡವನಾದ ಮೇಲೂ ಆ ಆಟ ಬಿಡಲಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ, ಪದವಿ ಮುಗಿಸಲಿಲ್ಲ. ವಾಪಸ್ ಅಪ್ಪನ ಅಂಗಡಿಗೆ ಬಂದ. 1919ರಲ್ಲಿ ಆ ಅಂಗಡಿಯನ್ನು ಡಾನ್ ಲೀ ಎಂಬ ಕ್ಯಾಡಿಲಾಕ್ ಡೀಲರ್ ಕೊಂಡ, ಬಾಡಿ ವಿಭಾಗದ ಉಸ್ತುವಾರಿಯನ್ನು ಹಾರ್ಲಿಗೇ ಬಿಟ್ಟ. ಹಾಲಿವುಡ್ ಬೆಳೀತಿದ್ದ ಕಾಲ. ಮೂಕಿ ಸಿನಿಮಾದ ಹಾಸ್ಯನಟ ರಾಸ್ಕೊ ಆರ್ಬಕಲ್, ಕುದುರೆ ಸವಾರಿಯ ಪಾತ್ರಗಳಿಗೆ ಹೆಸರಾದ ಟಾಮ್ ಮಿಕ್ಸ್ ಅವನ ಗಿರಾಕಿಗಳು. ಟಾಮ್ ಮಿಕ್ಸ್‌ನ ಕಾರಿನ ಮೇಲೆ ಕುದುರೆಯ ಜೀನನ್ನೇ ಕೂಡಿಸಿಕೊಟ್ಟಿದ್ದ. ಗಿರಾಕಿಯ ಹುಚ್ಚು ಎಷ್ಟಿದ್ದರೂ ಅರ್ಲ್ ಒಂದು ವಿಷಯದಲ್ಲಿ ಗಟ್ಟಿ ಇದ್ದ. ಬಾನೆಟ್ಟು ಒಬ್ಬರು, ಮಡ್‌ಗಾರ್ಡು ಒಬ್ಬರು, ದೀಪ ಇನ್ನೊಬ್ಬರು ಮಾಡಿ ಕಡೆಗೆ ಬೋಲ್ಟು ಹಾಕಿ ಕೂಡಿಸುವ ಪದ್ಧತಿ ಅವನಿಗೆ ಹಿಡಿಸಲಿಲ್ಲ. ಇಡೀ ಗಾಡಿಯನ್ನು ಒಂದೇ ವಸ್ತು ಅಂತ ನೋಡಿ ತಿದ್ದಬೇಕು ಅನ್ನೋದು ಅವನ ಪಟ್ಟು.

ಅದಕ್ಕೇ ಮಣ್ಣು. ಉಳಿದ ಕಡೆ ಮರದ ಮಾದರಿ ಕೆತ್ತುತ್ತಿದ್ದರು, ಇಲ್ಲಾ ತಗಡನ್ನೇ ಬಡಿದು ನೋಡ್ತಿದ್ದರು. ಮರದಲ್ಲಿ ತೆಗೆಯೋದು ಸುಲಭ, ಸೇರಿಸೋದು ಕಷ್ಟ. ತಗಡು ಒಮ್ಮೆ ಹಿಗ್ಗಿದರೆ ಮತ್ತೆ ಕುಗ್ಗಿಸೋದು ಇನ್ನೂ ಕಷ್ಟ. ಮಣ್ಣಿನಲ್ಲಿ ಮಾತ್ರ ತೆಗೆದದ್ದನ್ನು ಮತ್ತೆ ಹಚ್ಚಬಹುದು. ಮರದ ಚೌಕಟ್ಟಿನ ಮೇಲೆ ಬೆಚ್ಚಗೆ ಮಾಡಿದ ಮಾಡೆಲಿಂಗ್ ಕ್ಲೇ ಮೆತ್ತಿ, ಆರಿದ ಮೇಲೆ ಹೆರೆದು, ಬೆಳಕು ಅದರ ಮೇಲೆ ಹೇಗೆ ಹರೀತದ ಅಂತ ನೋಡ್ತಿದ್ದ. ತಪ್ಪು ಮಾಡೋದಕ್ಕೆ ಅಗ್ಗದ ಜಾಗ ಅದು. ಕಂಪ್ಯೂಟರಿನಲ್ಲಿ ಎಲ್ಲಾ ಮೇಲ್ಮೈ ಬಿಡಿಸಬಹುದಾದ ಇವತ್ತೂ ದೊಡ್ಡ ಕಂಪನಿಗಳು ಪೂರ್ಣ ಅಳತೆಯ ಕ್ಲೇ ಮಾದರಿ ಬಿಟ್ಟಿಲ್ಲ.

ಬ್ಯೂಟಿ ಪಾರ್ಲರ್ ಅಂತ ನಕ್ಕರು

ಕ್ಯಾಡಿಲಾಕ್‌ನ ಮುಖ್ಯಸ್ಥ ಲಾರೆನ್ಸ್ ಫಿಶರ್ ಲಾಸ್ ಏಂಜಲೀಸ್‌ಗೆ ಬಂದಾಗ ಈ ಮಣ್ಣಿನ ಕೆಲಸ ನೋಡಿದ. ಫಿಶರ್ ಸಹೋದರರದ್ದೇ ದೊಡ್ಡ ಬಾಡಿ ಕಾರ್ಖಾನೆ ಇತ್ತು, ಹಂಗಾಗಿ ನೋಡಿದ್ದು ಅವನಿಗೆ ತಕ್ಷಣ ಅರ್ಥ ಆಯಿತು. ಅರ್ಲ್‌ನನ್ನು ಡೆಟ್ರಾಯಿಟ್‌ಗೆ ಕರೆಸಿ ಲಸಾಲ್ ಎಂಬ ಹೊಸ ಕಾರಿನ ರೂಪ ಒಪ್ಪಿಸಿದರು. 1927ರಲ್ಲಿ ಲಸಾಲ್ ಬಂತು, ಜನ ಮೆಚ್ಚಿದರು. ಅದೇ ವರ್ಷ ಜನರಲ್ ಮೋಟರ್ಸ್‌ನ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಆರ್ಟ್ ಆ್ಯಂಡ್ ಕಲರ್ ಅನ್ನೋ ವಿಭಾಗ ತೆರೆದು ಅರ್ಲ್‌ನನ್ನು ಕೂರಿಸಿದ. ಸುಮಾರು 50 ಜನರ ವಿಭಾಗ.

ಸಮಯವೂ ಕೂಡಿ ಬಂದಿತ್ತು. ಹಳೇ ಬಣ್ಣ ಒಣಗೋದಕ್ಕೆ ವಾರಗಳೇ ಬೇಕಾಗ್ತಿತ್ತು. ಡುಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಂದ ಮೇಲೆ ಅದು ಗಂಟೆಗಳ ಕೆಲಸ ಆಯಿತು, ಬೇಕಾದ ಬಣ್ಣ ಹೊಡೆಯೋದು ಸಾಧ್ಯವಾಯಿತು. ನಮ್ಮ ಪೇಂಟರ್‌ಗಳು ಇವತ್ತಿಗೂ ಡ್ಯೂಕೊ ಹೊಡೀರಿ ಅಂತಾರಲ್ಲ, ಆ ಹೆಸರು ಅಲ್ಲಿಯದು. 1928ರಲ್ಲಿ ಇದೇ ಜನರಲ್ ಮೋಟರ್ಸ್ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಆಗ ಬಾಗಲಕೋಟೆ ಬಿಜಾಪುರ ಜಿಲ್ಲೆಯೊಳಗ, ಬಿಜಾಪುರ ಮುಂಬಯಿ ಪ್ರಾಂತದೊಳಗ. ಡೆಟ್ರಾಯಿಟ್‌ನಲ್ಲಿ ತೀರ್ಮಾನವಾದ ರೂಪ ಪೆಟ್ಟಿಗೆಯಲ್ಲಿ ಬಂದು ನಮ್ಮದೇ ಪ್ರಾಂತದ ರಾಜಧಾನಿಯಲ್ಲಿ ಗಾಡಿಯಾಗ್ತಿತ್ತು.

ಆದರೆ ಕಂಪನಿಯೊಳಗ ಅರ್ಲ್‌ಗೆ ಸುಲಭ ಇರಲಿಲ್ಲ. ಎಂಜಿನ್ ಮಾಡೋರು, ಗೇರ್ ಮಾಡೋರು ಇವನ ವಿಭಾಗಕ್ಕೆ ಬ್ಯೂಟಿ ಪಾರ್ಲರ್ ಅಂತ ಹೆಸರಿಟ್ಟು ನಗ್ತಿದ್ದರು. ಮೈಕಟ್ಟು ಅಂದ್ರ ಕಡೆಗೆ ಹಚ್ಚುವ ಪೌಡರು ಅನ್ನೋ ಭಾವನೆ. ನಮ್ಮ ಪ್ರಾಜೆಕ್ಟ್ ಗ್ರೂಪುಗಳಲ್ಲೂ ಇದೇ ನಡೀತದ, ಅಲ್ಲೇನ್ರಿ? ಡಿಸೈನು ನೋಡಿಕೊಳ್ಳುವ ಹುಡುಗನಿಗೋ ಹುಡುಗಿಗೋ ಪಿಪಿಟಿ ಚಂದ ಮಾಡು ಅಂತ ಹೇಳಿ ಬಿಡ್ತೀವಿ.

ಆ ನಗೆಯ ಬೆಲೆ 1929ರ ಬ್ಯುಯಿಕ್ ಕಾರಿನಲ್ಲಿ ಗೊತ್ತಾಯಿತು. ಅರ್ಲ್ ಬಾಡಿಯ ಸೊಂಟದ ಗೆರೆಯ ಕೆಳಗೆ ಸಣ್ಣ ಉಬ್ಬು ಕೊಟ್ಟಿದ್ದ. ಕಾರ್ಖಾನೆಯವರು ತಮ್ಮ ಅನುಕೂಲಕ್ಕೆ ಪಕ್ಕದ ತಗಡನ್ನು ಕೆಳಗಡೆ ಇನ್ನಷ್ಟು ಒಳಕ್ಕೆಳೆದರು, ಎತ್ತರವನ್ನೂ ಹೆಚ್ಚಿಸಿದರು. ಇವನಿಗೆ ಹೇಳಲೇ ಇಲ್ಲ ಅನ್ನೋದು ಅರ್ಲ್‌ನ ದೂರು. ಮಾಡೆಲ್ಲಿನಲ್ಲಿ ಹಿತವಾಗಿದ್ದ ಉಬ್ಬು ರಸ್ತೆಯ ಮೇಲೆ ಹೊಟ್ಟೆಯಂತೆ ಕಂಡಿತು. ಜನ ಅದನ್ನು ಬಸುರಿ ಬ್ಯುಯಿಕ್ ಅಂತ ಕರೆದು ನಕ್ಕರು, ಮಾರಾಟ ಬಿತ್ತು. ಲೆಕ್ಕ ಹಾಕಿದರೆ ಕೆಲವು ಇಂಚಿನ ಮಾತು ಅಷ್ಟ. ಎರಡು ವಿಭಾಗಗಳ ನಡುವಿನ ಕೊಂಡಿ ಬಿಟ್ಟುಹೋಗಿತ್ತು.

ಕೊಂಡಿ ಅನ್ನೋ ಮಾತನ್ನು ನಾನು ಇಳಕಲ್ ಸೀರೆಯಿಂದ ತಗೊಂಡೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದೇ. ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಹಾಕಿ ಕೂಡಿಸ್ತಾರೆ. ತೋಪು ತೆನೆಯ ಸೆರಗು ಎಷ್ಟು ಚಂದ ಇದ್ದರೂ ಆ ಕೂಡಿಕೆ ಬಿಟ್ಟರೆ ಸೀರೆ ಉಳಿಯೋದಿಲ್ಲ. ಅರ್ಲ್ ಆ ಬ್ಯುಯಿಕ್‌ನಿಂದ ಕಲಿತದ್ದು ಇದನ್ನೇ. ಮುಂದೆ ತನ್ನ ವಿಭಾಗದೊಳಗೇ ಬಾಡಿ ಎಂಜಿನಿಯರ್‌ಗಳನ್ನು ಇಟ್ಟುಕೊಂಡ. ಈ ತಿರುವು ಒತ್ತುಯಂತ್ರದಲ್ಲಿ ಬರ್ತದೋ ಇಲ್ಲವೋ, ಬಾಗಿಲ ಗಾಜು ಕೆಳಗಿಳಿಯೋದಕ್ಕೆ ಜಾಗ ಐತೋ ಇಲ್ಲವೋ ಅನ್ನೋ ಪ್ರಶ್ನೆಗಳು ಮಣ್ಣಿನ ಹಂತದಲ್ಲೇ ಬರೋದಕ್ಕೆ ಶುರುವಾದವು. 1937ರಲ್ಲಿ ವಿಭಾಗದ ಹೆಸರು ಸ್ಟೈಲಿಂಗ್ ಆಯಿತು. 1940ರಲ್ಲಿ ಅರ್ಲ್ ಕಂಪನಿಯ ಉಪಾಧ್ಯಕ್ಷನಾದ. ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬ ಡಿಸೈನರ್‌ಗೆ ಆ ಕುರ್ಚಿ ಸಿಕ್ಕದ್ದು ಅದೇ ಮೊದಲು.

ತಗ್ಗು ಮತ್ತು ಉದ್ದ

ಅವನ ಇಡೀ ವೃತ್ತಿಯ ಗುರಿ ಒಂದೇ: ಕಾರು ತಗ್ಗಾಗಬೇಕು, ಉದ್ದ ಕಾಣಬೇಕು. ಹೇಳೋದು ಸುಲಭ. ತಗ್ಗು ಮಾಡೋದಕ್ಕೆ ನೆಲ ಇಳಿಸಬೇಕು, ಫ್ರೇಮು ಬದಲಾಗಬೇಕು, ಎಂಜಿನ್ ಮುಂದೆ ಸರಿಯಬೇಕು, ಛಾವಣಿ ಬೇರೆಯಾಗಬೇಕು. ಆಗಿನ ಕಾರುಗಳ ಛಾವಣಿಯ ನಡುಭಾಗ ಬಟ್ಟೆಯದು, ಯಾಕಂದ್ರ ಅಷ್ಟು ಅಗಲದ ಉಕ್ಕಿನ ಹಾಳೆ ಸಿಗ್ತಿರಲಿಲ್ಲ. ಗಿರಣಿಗಳಲ್ಲಿ ಅಗಲದ ಹಾಳೆ ಬರತೊಡಗಿದ ಮೇಲೆ, 1930ರ ದಶಕದ ನಡುವೆ, ಜನರಲ್ ಮೋಟರ್ಸ್ ಟರೆಟ್ ಟಾಪ್ ಹೆಸರಿನಲ್ಲಿ ಒಂದೇ ತುಂಡಿನ ಉಕ್ಕಿನ ಛಾವಣಿ ತಂದಿತು. ನೋಟಕ್ಕೆ ಬೇಕಾದ ದುಂಡು ಛಾವಣಿ ಸಾಧ್ಯವಾದದ್ದು ರೋಲಿಂಗ್ ಮಿಲ್ಲಿನಿಂದ.

1938ರಲ್ಲಿ ಬ್ಯುಯಿಕ್ ವೈ-ಜಾಬ್ ಬಂತು. ಮಾರೋದಕ್ಕಲ್ಲ, ಮುಂದೆ ಏನು ಮಾಡಬಹುದು ಅಂತ ಪರೀಕ್ಷಿಸೋದಕ್ಕೆ. ಮುಚ್ಚಿಕೊಳ್ಳುವ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯುವ ಗಾಜು ಅದರಲ್ಲಿದ್ದವು. ಅರ್ಲ್ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ, ತಾನೇ ವರ್ಷಗಟ್ಟಲೆ ಓಡಿಸಿದ. ಯುದ್ಧದ ಕಾಲದಲ್ಲಿ ಪಿ-38 ಲೈಟ್ನಿಂಗ್ ವಿಮಾನ ನೋಡಿ ಬಂದ. ಅದರ ಜೋಡಿ ಬಾಲ ಅವನ ತಂಡದ ಕೈಯಲ್ಲಿ 1948ರ ಕ್ಯಾಡಿಲಾಕ್‌ನ ಹಿಂದಿನ ಪುಟ್ಟ ಫಿನ್ ಆಯಿತು. 1951ರ ಲೆಸೇಬರ್ ಎಂಬ ಪ್ರದರ್ಶನದ ಕಾರಿನಲ್ಲಿ ಮಳೆ ಹನಿ ಬಿದ್ದರೆ ತಾನಾಗಿ ಹೊದಿಕೆ ಏರಿಸುವ ಸೆನ್ಸರ್ ಇತ್ತು. 1953ರ ಜನವರಿಯಲ್ಲಿ ನ್ಯೂಯಾರ್ಕ್‌ನ ಮೋಟೊರಾಮಾ ಪ್ರದರ್ಶನದಲ್ಲಿ ಕಾರ್ವೆಟ್ ಕಾಣಿಸಿಕೊಂಡಿತು. ಅದರ ಬಾಡಿ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಆ ವರ್ಷ ಮಾಡಿದ್ದು 300 ಕಾರು ಮಾತ್ರ.

ಇಷ್ಟೆಲ್ಲಾ ಮಾಡಿದವನಿಗೆ ಚಿತ್ರ ಬರೆಯೋದು ಅಷ್ಟಾಗಿ ಬರ್ತಿರಲಿಲ್ಲ. ಆರಡಿ ದಾಟಿದ ಎತ್ತರದ ಆಳು, ಮಾತಿನಲ್ಲಿ ತೊದಲು, ಕೋಪ ಮಾತ್ರ ಜೋರು. ಕುರ್ಚಿ ಹಾಕಿಕೊಂಡು ಕೂತು, ಮಣ್ಣಿನ ಮಾದರಿಯ ಕಡೆ ಕೈ ತೋರಿಸಿ, ಅರ್ಧ ಇಂಚು ತೆಗೆ, ಇಲ್ಲಿ ಹಚ್ಚು ಅಂತ ಹೇಳಿ ಹೇಳಿ ತಿದ್ದಿಸ್ತಿದ್ದ. ಕೈ ಕೆಲಸ ಮಾಡಿದವರು ಫ್ರ್ಯಾಂಕ್ ಹರ್ಷಿ, ಬಿಲ್ ಮಿಚೆಲ್, ಕ್ಲೇರ್ ಮೆಕಿಚನ್, ಕಾರ್ಲ್ ರೆನ್ನರ್‌ನಂಥವರು. ಹೊರಗೆ ಉಳಿದದ್ದು ಒಂದೇ ಹೆಸರು, ಅರ್ಲ್. 1950ರ ದಶಕದ ನಡುವೆ ಹಲವು ಮಹಿಳೆಯರನ್ನು ಡಿಸೈನರ್‌ಗಳಾಗಿ ಸೇರಿಸಿಕೊಂಡ, ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಅವರಿಗೆ ಸಿಕ್ಕದ್ದು ಬಹುಪಾಲು ಒಳಾಂಗಣದ ಕೆಲಸ, ಪ್ರಚಾರಕ್ಕೆ ಅವರಿಗಿಟ್ಟ ಚಂದದ ಅಡ್ಡಹೆಸರು ಅವರಿಗೇ ಇಷ್ಟ ಇರಲಿಲ್ಲ. ಗೆಳೆಯರು ಕೂಡಿ ಗಾಡಿ ಕಟ್ಟೋವಾಗ ಕಡೆಗೆ ಫೋಟೊ ಯಾರ ಹೆಸರಲ್ಲಿ ಹೋಗ್ತದ ಅನ್ನೋದು ಸಣ್ಣ ಪ್ರಶ್ನೆ ಅಲ್ಲ, ನೆನಪಿಡ್ರಿ.

ವ್ಯಾಗನ್ನಿಗೆ ಬಂದ ಛಾವಣಿ

ಈಗ ನಮ್ಮ ಶೆಡ್ಡಿಗೆ ಹತ್ತಿರದ ಮಾತು. ಸ್ಟೇಷನ್ ವ್ಯಾಗನ್ ಹುಟ್ಟಿದ್ದು ರೈಲ್ವೆ ಸ್ಟೇಷನ್ನಿನಿಂದ ಜನ, ಸಾಮಾನು ಒಯ್ಯೋದಕ್ಕೆ. ಮೊದಮೊದಲು ಚಾಸಿಸ್ಸಿನ ಮೇಲೆ ಬಡಿಗರು ಮರದ ಬಾಡಿ ಕಟ್ಟಿಕೊಡ್ತಿದ್ದರು. ಮರ ಮಳೆಗೆ ಉಬ್ಬಬಾರದು ಅಂದ್ರ ಆಗಾಗ ವಾರ್ನಿಷ್ ಹೊಡೀಬೇಕು. 1940ರ ದಶಕದ ಕೊನೆಗೆ ಪೂರ್ತಿ ಉಕ್ಕಿನ ವ್ಯಾಗನ್‌ಗಳು ಬಂದು ಮರದವು ಮರೆಯಾದವು. ತಮಾಷೆ ಅಂದ್ರ, ಉಕ್ಕಿನ ಮೇಲೂ ಎಷ್ಟೋ ವರ್ಷ ಮರದ ಚಿತ್ರ ಅಂಟಿಸಿ ಮಾರಿದರು.

ಇದನ್ನು ನೋಡಿ ನಗಬೇಡಿ. ನಮ್ಮ ಹುನಗುಂದ ತಾಲೂಕಿನ ಐಹೊಳೆಗೆ ಹೋಗಿ ಲಾಡಖಾನ್ ಗುಡಿಯ ಛಾವಣಿ ನೋಡ್ರಿ. ಇಳಿಜಾರಾಗಿ ಹಾಸಿದ ಕಲ್ಲು ಚಪ್ಪಡಿಗಳು, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದಕ್ಕೆ ಮರದ ತೊಲೆಯ ಹಾಗೆ ಕಾಣುವ ಕಲ್ಲಿನ ಪಟ್ಟಿ. ಮರದ ಮನೆಯ ರೂಪವನ್ನು ಕಲ್ಲಿಗೆ ತಂದವರು ಅವರು. ಆದರೆ ಆ ಪಟ್ಟಿ ಬರೀ ಅಲಂಕಾರ ಅಲ್ಲ. ಸಂದಿನೊಳಗ ನೀರು ಇಳಿಯದ ಹಾಗೆ ಅದು ಮುಚ್ಚಳ. ಅಲ್ಲೇ ದುರ್ಗ ಗುಡಿಯ ಹಿಂಭಾಗ ದುಂಡು, ಮತ್ತೊಂದು ಗುಡಿಯದ್ದು ಚೌಕ. ಒಂದೇ ಊರಿನಲ್ಲಿ ಅಷ್ಟು ರೂಪಗಳನ್ನು ಮಾಡಿ ನೋಡಿದರು. ಚಾಲುಕ್ಯರ ಶಿಲ್ಪಿಗಳಿಗೆ ಐಹೊಳೆ ಒಂದು ಮಾಡೆಲ್ ಅಂಗಳ ಇದ್ದಂಗ.

1954ರ ಮೋಟೊರಾಮಾದಲ್ಲಿ ಅರ್ಲ್‌ನ ತಂಡ ಕಾರ್ವೆಟ್‌ನ ಮುಖ ಇಟ್ಟುಕೊಂಡು ಹಿಂದೆ ವ್ಯಾಗನ್ ಆದ ಒಂದು ಕಾರು ತೋರಿಸಿತು. ಹೆಸರು ನೊಮ್ಯಾಡ್, ಅಂದರೆ ಅಲೆಮಾರಿ. ಛಾವಣಿಯ ರೂಪ ಕಾರ್ಲ್ ರೆನ್ನರ್‌ನ ಕೈಯದು. ಹಿಂಬಾಗಿಲು ನೆಟ್ಟಗೆ ನಿಂತಿಲ್ಲ, ಮುಂದಕ್ಕೆ ಓರೆಯಾಗಿದೆ. ಛಾವಣಿಯ ಹಿಂಭಾಗದಲ್ಲಿ ಅಡ್ಡಡ್ಡ ಗೀರುಗಳು. ತೆಳು ತಗಡಿಗೆ ಹೀಗೆ ಗೀರು ಒತ್ತಿದರೆ ಅದು ಬಿಗಿಯಾಗ್ತದ, ತಗಡಿನ ಡಬ್ಬಿಯ ಮೈ ನೋಡಿದರೂ ಗೊತ್ತಾಗ್ತದ. ನೋಡಿದವರು ಮೆಚ್ಚಿದ್ದು ಕಂಡು ಅರ್ಲ್ ಇದನ್ನು 1955ರ ಸಾಮಾನ್ಯ ಷೆವರ್ಲೆಗೆ ತನ್ನಿ ಅಂದ. ಕ್ಲೇರ್ ಮೆಕಿಚನ್‌ನ ಸ್ಟುಡಿಯೊದಲ್ಲಿ ಛಾವಣಿಯ ಪೂರ್ಣ ಅಳತೆಯ ಚಿತ್ರವನ್ನೇ ಕತ್ತರಿಸಿ, ಹಿಗ್ಗಿಸಿ, ದೊಡ್ಡ ಕಾರಿನ ಕೆಳಮೈಗೆ ಹೊಂದಿಸಿದರು. ಗಮನಿಸಿ, ಅವರು ಮೊದಲು ಕತ್ತರಿಸಿದ್ದು ಕಾಗದವನ್ನು.

ಷೆವರ್ಲೆ ನೊಮ್ಯಾಡ್ ಹೀಗೆ ಮಾರುಕಟ್ಟೆಗೆ ಬಂತು. ನೋಡೋದಕ್ಕೆ ಅದರಷ್ಟು ಚಂದದ ವ್ಯಾಗನ್ ಅಪರೂಪ, ಇವತ್ತೂ ಹಳೇ ಕಾರು ಸಂಗ್ರಹಿಸುವವರು ಹುಡುಕೋದು ಅದನ್ನೇ. ಆದರೆ ವ್ಯಾಗನ್ ಕೊಳ್ಳುವ ಮನೆಯವರಿಗೆ ಬೇಕಾದ್ದು ನಾಲ್ಕು ಬಾಗಿಲು, ಇದಕ್ಕೆ ಇದ್ದದ್ದು ಎರಡು. ಬೆಲೆ ಉಳಿದ ಷೆವರ್ಲೆ ವ್ಯಾಗನ್‌ಗಳಿಗಿಂತ ಜಾಸ್ತಿ. ಮತ್ತೆ ಆ ಓರೆ ಹಿಂಬಾಗಿಲು: ಮೇಲಿನ ಗಾಜಿನ ಭಾಗ ಮೇಲಕ್ಕೆ ಏಳ್ತದ, ಕೆಳಗಿನ ಭಾಗ ಕೆಳಕ್ಕೆ ಇಳಿತದ, ಎರಡೂ ಕೂಡುವ ಕಡೆ ಮಳೆ ನೀರು ಒಳಗೆ ನುಗ್ಗುತ್ತಿತ್ತು. ನೆಟ್ಟಗಿನ ಬಾಗಿಲ ಮೇಲೆ ನೀರು ಜಾರಿ ಹೋಗ್ತದ, ಓರೆಯ ಮೇಲೆ ಒಂದು ಕ್ಷಣ ನಿಲ್ತದ, ನಿಂತ ನೀರು ಸಂದು ಹುಡುಕ್ತದ. ಮೊದಲ ವರ್ಷ ಮಾರಿದ್ದು ಸುಮಾರು 8 ಸಾವಿರ, 1957ಕ್ಕೆ 6 ಸಾವಿರದ ಆಸುಪಾಸು. ಆ ಎರಡು ಬಾಗಿಲಿನ ರೂಪ ಅಲ್ಲಿಗೆ ನಿಂತಿತು, ಹೆಸರು ಮಾತ್ರ ಬೇರೆ ವ್ಯಾಗನ್‌ಗಳ ಮೇಲೆ ಮುಂದುವರಿಯಿತು.

ಪ್ರಪಂಚದ ಅತಿ ದೊಡ್ಡ ಕಾರು ಕಂಪನಿ, ಅಷ್ಟು ಡಿಸೈನರ್‌ಗಳು, ಅಷ್ಟು ಎಂಜಿನಿಯರ್‌ಗಳು. ಲಾಡಖಾನ್ ಗುಡಿಯ ಶಿಲ್ಪಿ ಪಟ್ಟಿ ಇಟ್ಟು ಮುಚ್ಚಿದ್ದ ಸಂದು ಅಲ್ಲಿ ತೆರೆದೇ ಉಳಿದಿತ್ತು.

ಕೊನೆಯ ವರ್ಷಗಳು

ಅರ್ಲ್‌ನ ಇನ್ನೊಂದು ಮುಖವನ್ನೂ ಹೇಳದೆ ಬಿಟ್ಟರೆ ತಪ್ಪಾಗ್ತದ. ಸ್ಲೋನ್ ಮತ್ತು ಅರ್ಲ್ ಕೂಡಿ ಬೆಳೆಸಿದ್ದು ವರ್ಷಕ್ಕೊಂದು ಹೊಸ ರೂಪದ ಪದ್ಧತಿ. ಎಂಜಿನ್ ಚೆನ್ನಾಗಿ ಓಡ್ತಿದ್ದರೂ ಕಾರು ಹಳೇದಾಯಿತು ಅನ್ನಿಸಬೇಕು, ಮಾಲೀಕ ಬೇಗ ಹೊಸದು ಕೊಳ್ಳಬೇಕು. ಅರ್ಲ್ ಇದನ್ನು ಮುಚ್ಚಿಡಲಿಲ್ಲ, ತನ್ನ ಕೆಲಸವೇ ಅದು ಅಂತ ತಿಳಿದಿದ್ದ. ಇವತ್ತು ಎರಡು ವರ್ಷಕ್ಕೆ ಮೊಬೈಲು ಹಳೇದು ಅನ್ನಿಸೋದರ ಹಿಂದೆ ಆ ವಿಚಾರವೇ ಇದೆ.

ಕಡೆಗೆ ಅವನ ರೂಪಗಳೇ ಹಳೇವಾದವು. 1956ರ ಬೇಸಿಗೆಯಲ್ಲಿ, ಪ್ರತಿಸ್ಪರ್ಧಿ ಕ್ರೈಸ್ಲರ್ ಕಂಪನಿಗೆ ವರ್ಜಿಲ್ ಎಕ್ಸ್‌ನರ್ ರೂಪಿಸಿದ 1957ರ ಕಾರುಗಳನ್ನು ಅರ್ಲ್‌ನ ತಂಡದ ಹುಡುಗರು ಬೇಲಿಯಾಚೆಯಿಂದ ನೋಡಿದರು. ತಗ್ಗು, ತೆಳು, ಹಗುರ. ಇತ್ತ ತಮ್ಮ ಸ್ಟುಡಿಯೊದಲ್ಲಿ ದಪ್ಪ ಮೈ, ಮೇಲೆ ಕ್ರೋಮಿನ ಹೊರೆ. ಅರ್ಲ್ ಯುರೋಪ್ ಪ್ರವಾಸದಲ್ಲಿದ್ದಾಗ ಅವರು ತಯಾರಾಗ್ತಿದ್ದ ರೂಪಗಳನ್ನು ಬದಿಗಿಟ್ಟು 1959ರ ಕಾರುಗಳನ್ನು ಹೊಸದಾಗಿ ಶುರು ಮಾಡಿದರು. ಎಲ್ಲರೂ ಹೆದರುತ್ತಿದ್ದ ಮನುಷ್ಯ ವಾಪಸ್ ಬಂದು ನೋಡಿ, ಕಡೆಗೆ ಒಪ್ಪಿಕೊಂಡ. ಅವನ ಬದುಕಿನಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಈ ಒಪ್ಪಿಗೆ. ಹುಡುಗರಿಗೆ ಮಣ್ಣು ತಿದ್ದೋದು ಕಲಿಸಿದವನೇ ಅವನು. ತನ್ನನ್ನೇ ತಿದ್ದಿದಾಗ ಬ್ಯಾಡ ಅನ್ನಲಿಲ್ಲ.

1958ರ ಕೊನೆಗೆ ನಿವೃತ್ತನಾದ, ಬಿಲ್ ಮಿಚೆಲ್ ಆ ಸ್ಥಾನಕ್ಕೆ ಬಂದ. 1965ರಲ್ಲಿ ರಾಲ್ಫ್ ನೇಡರ್ ಬರೆದ ಕಾರು ಸುರಕ್ಷತೆಯ ಪುಸ್ತಕದಲ್ಲಿ ಸ್ಟೈಲಿಸ್ಟ್‌ಗಳ ಮೇಲೆಯೇ ಒಂದು ಅಧ್ಯಾಯ ಇತ್ತು. ಚೂಪು ಫಿನ್ನುಗಳು, ಹೊಳೆಯುವ ಡ್ಯಾಶ್‌ಬೋರ್ಡುಗಳು ಅಪಘಾತದಲ್ಲಿ ಮನುಷ್ಯನ ಮೈಗೆ ಏನು ಮಾಡ್ತಾವ ಅನ್ನೋ ಪ್ರಶ್ನೆ ಅದರಲ್ಲಿತ್ತು. ನೋಟಕ್ಕೂ ಎಂಜಿನಿಯರಿಂಗಿಗೂ ನಡುವೆ ಬಿಟ್ಟುಹೋದ ಇನ್ನೊಂದು ಕೊಂಡಿ ಅದು. ಹಾರ್ಲಿ ಅರ್ಲ್ 1969ರ ಏಪ್ರಿಲ್ 10ರಂದು ಫ್ಲಾರಿಡಾದಲ್ಲಿ ತೀರಿಕೊಂಡ. ಆಗ ಅವನಿಗೆ 75 ವರ್ಷ.

ಮತ್ತೆ ಶೆಡ್ಡಿಗೆ

ಇದನ್ನೆಲ್ಲಾ ಗೆಳೆಯರಿಗೆ ಹೇಳಿದ ಮೇಲೆ ನಾವೂ ಮಣ್ಣು ತಂದ್ವಿ. ಐದಕ್ಕೆ ಒಂದರ ಅಳತೆಯಲ್ಲಿ ಮರದ ಚೌಕಟ್ಟು ಮಾಡಿ ಮೆತ್ತಿದ್ವಿ. ನಾಲ್ಕು ಇಂಚು ಛಾವಣಿ ಇಳಿಸಿ ನೋಡಿದರೆ ಚಂದವೇ ಕಂಡಿತು. ಆಮೇಲೆ ಒಂದೊಂದೇ ತೊಡಕು ಬಂದವು. ಸೀಟಿನಲ್ಲಿ ಕೂತವರ ತಲೆ ತಗಲ್ತದ. ಬಾಗಿಲ ಗಾಜು ಟಫನ್ಡ್ ಆಗಿದ್ದರೆ ಅದನ್ನು ಕತ್ತರಿಸೋದಕ್ಕೆ ಆಗೋದೇ ಇಲ್ಲ, ಬ್ಲೇಡ್ ತಾಗಿದರೆ ಪುಡಿ ಪುಡಿ. ಕಂಬಗಳನ್ನು ಕತ್ತರಿಸಿ ಬೆಸೆದರೆ ಗಾಡಿ ಮಗುಚಿದಾಗ ಛಾವಣಿಯನ್ನು ಹೊರುವುದು ನಮ್ಮ ಕೈಯ ವೆಲ್ಡಿಂಗು.

ಕಾನೂನೂ ಐತಿ. ಕಂಪನಿ ನಮೂದಿಸಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬಿಡೋದಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಮಾನ್ಯತೆ ಬೇಕಂದರೆ ಅದು ಮೂಲ ರೂಪದಲ್ಲೇ ಇರಬೇಕು. ಅಜ್ಜನ ಗಾಡಿಗೆ 50 ದಾಟಿದೆ. ಗ್ರೈಂಡರ್ ಆವತ್ತು ಓಡಿದ್ದರೆ ಆ ಮಾನ್ಯತೆ ಒಂದೇ ಮಧ್ಯಾಹ್ನದಲ್ಲಿ ಹೋಗ್ತಿತ್ತು.

ಒಬ್ಬ ಗೆಳೆಯನಿಗೆ ಈಗಲೂ ಬೇಸರ ಐತಿ. ಕತ್ತರಿಸದಿದ್ದರೆ ಇದನ್ನು ಕಸ್ಟಮ್ ಅಂತ ಹೆಂಗ ಕರೀಬೇಕು ಅನ್ನೋದು ಅವನ ವಾದ. ಅವನ ಮಣ್ಣಿನ ಮಾದರಿ ಶೆಡ್ಡಿನ ಕಪಾಟಿನ ಮ್ಯಾಲ ಇದೆ, ಅದು ನಮ್ಮ ಗಾಡಿಗಿಂತ ಚಂದ ಇದೆ ಅನ್ನೋದನ್ನು ಎಲ್ಲರೂ ಒಪ್ಪಿದ್ದೇವೆ. ಗಾಡಿಗೆ ನಾವು ಮಾಡಿದ್ದು ಇಷ್ಟು: ತುಕ್ಕು ತಿಂದ ನೆಲದ ತಗಡು ಬದಲಿಸಿದ್ವಿ, ಛಾವಣಿಯ ಅಂಚಿನ ನೀರಿನ ಗಾಲುವೆ ಬಿಚ್ಚಿ ಸರಿ ಮಾಡಿದ್ವಿ, ಹಿಂಬಾಗಿಲಿಗೆ ಹೊಸ ರಬ್ಬರು ಕೂಡಿಸಿದ್ವಿ, ಹಿಂದೆ ಬೋಲ್ಟು ಬಿಚ್ಚಿದರೆ ಹೊರಬರುವ ಮರದ ಹಲಗೆ ಹಾಕಿದ್ವಿ. ಕಾಕಾ ಬಂದು ಗಾಲುವೆಯ ಮೇಲೆ ಬೆರಳಾಡಿಸಿ ನೋಡಿ ಹೋದರು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂದಾಗ ಐದೂ ಜನ ಒಳಗೆ ಕೂತು ಕಾದ್ವಿ. ಬಾಗಿಲುಗಳು ಒಣಗಿದ್ದವು, ಛಾವಣಿ ಒಣಗಿತ್ತು. ಹಿಂಬಾಗಿಲಿನ ಎಡ ಮೂಲೆಯಿಂದ ಮಾತ್ರ ಇನ್ನೂ ಒಂದೊಂದು ಹನಿ ಬೀಳ್ತದ. ಮುಂದಿನ ರಜೆಗೆ ಅದರ ಕೆಲಸ.